ದುರ್ಗಿಯ ಗಿಡ, ಬಾಬುವಿನ ಕೈಗುಣ

ಬೆಳಿಗ್ಗೆ ಮೀನು ತುಂಬಿಕೊಂಡು ಹೋದ ದುರ್ಗಿಯ ಬುಟ್ಟಿ ಮಧ್ಯಾಹ್ನ ಬರಿದಾಗಿ ಮನೆಗೆ ಬಂದದ್ದು ಕಡಿಮೆ. ತಳದಲ್ಲಿ, ಒದ್ದೆ ಗೋಣಿಯ ತುಂಡಿನೊಳಗೆ, ಯಾವುದಾದರೊಂದು ಗಿಡದ ಗೆಲ್ಲೋ ಬೇರು ಸಮೇತ ಕಿತ್ತ ಮರಿಯೋ ಸುತ್ತಿಕೊಂಡು ಮಲಗಿರುತ್ತಿತ್ತು. ಬೇಲೆಕೇರಿಯ ಬೇರೆ ಮೀನುಗಾರ ಹೆಂಗಸರು ಗಿರಾಕಿಗಳ ಮನೆಯಲ್ಲಿ ಹಳೇ ಸೀರೆ, ಹಲಸಿನಕಾಯಿ, ಮಕ್ಕಳ ಅಂಗಿ ಕೇಳಿದರೆ ದುರ್ಗಿ ಗಿಡ ಕೇಳುತ್ತಿದ್ದಳು. ಅಂಕೋಲೆ ಪೇಟೆಯ ಮನೆಗಳ ಮೆಟ್ಟಿಲ ಮೇಲೆ ಕುಳಿತು ಬಂಗಡೆ ಎಣಿಸಿ ಹಾಕುವಾಗಲೂ ಅವಳ ಕಣ್ಣು ಅವರ ಜಗಲಿಯ ಕುಂಡಗಳ ಮೇಲೆ ಓಡಾಡುತ್ತಿತ್ತು. ವಾರಕ್ಕೊಮ್ಮೆ ಬಸ್ಸು ಹತ್ತಿ ಕಾಡಿನ ಕಡೆಯ ಹಿಲ್ಲೂರಿಗೂ ಹೋಗುತ್ತಿದ್ದಳು. ಅಲ್ಲಿ ಮೀನಿಗೆ ಬೇಡಿಕೆ ಹೆಚ್ಚು, ಗಿಡವೂ ಹೆಚ್ಚು.

ಅವಳ ಮನೆ ಕಡಲಿಗೆ ಮುಖ ಮಾಡಿತ್ತು. ಅಂಗಳವೆಲ್ಲ ಮರಳು. ಉಪ್ಪುಗಾಳಿಗೆ ತೆಂಗು ಬಿಟ್ಟರೆ ಹೊರಗೆ ಇನ್ನೇನೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಹೊಸದಾಗಿ ಮದುವೆಯಾಗಿ ಬಂದಾಗ ಅವಳು ತವರಿನಿಂದ ತಂದು ಅಂಗಳದಲ್ಲಿ ನೆಟ್ಟ ದಾಸವಾಳ ಒಂದೇ ಬೇಸಿಗೆಯಲ್ಲಿ ಸುಟ್ಟು ಕರಕಲಾಗಿತ್ತು. ಆಮೇಲೆ ಅವಳು ಗಿಡಗಳನ್ನು ಒಳಗೆ ಕರೆದುಕೊಂಡಳು. ಮರದ ಸರಳುಗಳ ಕಟಾಂಜನವಿದ್ದ ಜಗಲಿ, ಒಳಕೋಣೆಯ ಕಿಟಕಿ, ದೇವರ ಗೂಡಿನ ಪಕ್ಕದ ಗೋಡೆ, ನೀರಿನ ಹಂಡೆಯ ಹಿಂದಿನ ತಂಪು, ಎಲ್ಲ ಕಡೆ ಗಿಡ ಬಂದು ಕೂತವು. ಬಂದರಿನಲ್ಲಿ ಬಿಸಾಡಿದ ಥರ್ಮಾಕೋಲಿನ ಮೀನು ಪೆಟ್ಟಿಗೆ, ಒಡೆದ ಬಕೆಟ್ಟು, ಬಣ್ಣದ ಡಬ್ಬಿ, ಇವೇ ಅವಳ ಕುಂಡಗಳು. ಹೂವಿನ ಗಿಡದ ಮೇಲೆ ಅವಳಿಗೆ ಅಷ್ಟು ಮನಸ್ಸಿರಲಿಲ್ಲ. ಹೂವು ಸಂಜೆಗೆ ಬಾಡುತ್ತದೆ, ಎಲೆಯಾದರೆ ಜೊತೆಗಿರುತ್ತದೆ ಎನ್ನುತ್ತಿದ್ದಳು.

ಗಿಡಗಳ ಅಂಗಡಿ ಹೆಸರು ಅವಳಿಗೆ ಗೊತ್ತಿರಲಿಲ್ಲ, ಬೇಕೂ ಇರಲಿಲ್ಲ. ಯಾರು ಕೊಟ್ಟರೋ ಅವರ ಹೆಸರೇ ಗಿಡದ ಹೆಸರು. ಬಾಟಲಿಯ ನೀರಿನಲ್ಲಿ ಬಿಟ್ಟರೂ ಬೇರು ಬಿಟ್ಟು ಕಿಟಕಿ ಹತ್ತಿದ ಬಳ್ಳಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸು ಕೊಟ್ಟದ್ದು, 'ಬ್ಯಾಂಕಿನ ಬಾಯಿ'. ಕತ್ತಿಯಂತೆ ನೆಟ್ಟಗೆ ನಿಂತ ಪಟ್ಟೆಪಟ್ಟೆ ಎಲೆಯದು 'ಪೋಸ್ಟಮಾಸ್ತರು'. ಗುಲಾಬಿ ಚುಕ್ಕೆಯ ಬಣ್ಣದ ಕೆಸು 'ಹಿಲ್ಲೂರಮ್ಮ'. ಹೀಗೆ ಅವಳು ತಿರುಗಿದ ಬೀದಿಯೆಲ್ಲ ಅವಳ ಜಗಲಿಯ ಮೇಲೆ ಸಾಲಾಗಿ ನಿಂತಿತ್ತು. ಮೀನು ಮಾರುವ ಹೆಂಗಸನ್ನು ಮೆಟ್ಟಿಲಿನಿಂದಾಚೆಗೆ ಕರೆಯದ ಮನೆಗಳ ಗಿಡಗಳೂ ಅವಳ ಮನೆಯೊಳಗೆ ಇದ್ದವು. ಅದು ಅವಳಿಗೆ ಒಳಗೊಳಗೇ ಬಹಳ ದೊಡ್ಡ ಸಮಾಧಾನ.

ಅವಳ ಗಂಡ ಬಾಬು ಪರ್ಸೀನ್ ಬೋಟಿನಲ್ಲಿ ಬಲೆ ಎಳೆಯುವವನು. ಮನೆಯಲ್ಲಿ ಇರುತ್ತಿದ್ದದ್ದೇ ಅಪರೂಪ, ಇದ್ದರೆ ನಿದ್ದೆ. ಗಿಡಗಳು ಅವನಿಗೆ ದಾರಿಗೆ ಅಡ್ಡ ಬರುವ ಸಾಮಾನು. ಎಷ್ಟೋ ಸಲ ಕಾಲಿಗೆ ತಾಗಿತೆಂದು ಬೈದು ಪೆಟ್ಟಿಗೆಯನ್ನು ಪಕ್ಕಕ್ಕೆ ಒದ್ದದ್ದೂ ಇದೆ. ಮಗಳು ಪ್ರಗತಿಯನ್ನು ತೋಡೂರಿಗೆ ಮದುವೆ ಮಾಡಿ ಕೊಟ್ಟ ಮೇಲಂತೂ ದುರ್ಗಿಗೆ ಮನೆಯಲ್ಲಿ ಮಾತಿಗೆ ಸಿಗುತ್ತಿದ್ದದ್ದು ಗಿಡಗಳೇ.

ಅದಿರು ಲಾರಿಗಳು ಬೇಲೆಕೇರಿ ಬಂದರಿಗೆ ಸಾಲುಗಟ್ಟಿ ಬರತೊಡಗಿದ ವರ್ಷಗಳಲ್ಲಿ, ಒಂದು ದಿನ ಬೋಟಿನ ಮೇಲೆ ಹಗ್ಗ ಹರಿದು ಕಬ್ಬಿಣದ ರಾಟೆ ಬಾಬುವಿನ ಬಲಗಾಲಿನ ಮೇಲೆ ಬಿತ್ತು. ಕಾರವಾರದ ಆಸ್ಪತ್ರೆಯಲ್ಲಿ ಮೂಳೆಗೆ ಸರಳು ಹಾಕಿದರು. ಕಾಲು ಉಳಿಯಿತು, ಆದರೆ ಓಲಾಡುವ ಬೋಟಿನ ಮೇಲೆ ನಿಲ್ಲುವ ಕಸುವು ಹೋಯಿತು. ನೆಲದ ಮೇಲೆ ಕೋಲೂರಿ ನಡೆಯಬಹುದಿತ್ತು, ಅಷ್ಟೆ. ಐವತ್ತು ದಾಟದ ಗಂಡಸು ಜಗಲಿಯಲ್ಲಿ ಗೋಡೆಗೊರಗಿ ಕೂತ.

ಮೊದಲ ಕೆಲವು ತಿಂಗಳು ಅವನು ಕಡಲು ನೋಡುತ್ತ ಕೂರುತ್ತಿದ್ದ. ಕೊನೆಗೆ ಅದೂ ಸಾಕಾಗಿ ಕಡಲಿಗೆ ಬೆನ್ನು ಹಾಕಿ ಕೂರತೊಡಗಿದ. ಹಾಗೆ ತಿರುಗಿ ಕೂತರೆ ಎದುರಿಗೆ ಕಾಣುವುದು ಗಿಡಗಳು.

ಒಂದು ಮಧ್ಯಾಹ್ನ ದುರ್ಗಿ ಬಂದು ನೋಡುತ್ತಾಳೆ, ಪೋಸ್ಟಮಾಸ್ತರ ಗಿಡ ಜಾಗ ಬದಲಾಯಿಸಿದೆ. ಬ್ಯಾಂಕಿನ ಬಾಯಿಯ ಬಳ್ಳಿ ಕಿಟಕಿಯಿಂದ ಇಳಿದು ಬಲೆಯ ಹಳೇ ದಾರದ ಮೇಲೆ ಸಾಲಾಗಿ ಏರಿದೆ. ಎಲೆಗಳ ಮೇಲೆ ದಿನವೂ ಕೂರುವ ಅದಿರಿನ ಕೆಂಪು ಧೂಳು ಇಲ್ಲ. ಎಲೆಗಳು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿವೆ.

"ಯಾರು ಮುಟ್ಟಿದ್ದು ಇದನ್ನ?" ಎಂದಳು.

"ನಾನೇ," ಎಂದ ಬಾಬು. "ಧೂಳಿತ್ತು. ಒದ್ದೆ ಬಟ್ಟೆ ತಕಂಡು ವರೆಸ್ದೆ. ಆ ಉದ್ದ ಎಲೆದಕ್ಕೆ ನೀರು ಹೊಯ್ಬ್ಯಾಡ ಇನ್ನು. ಬುಡ ಮೆತ್ತಗಾಗ್ಯದೆ."

ದುರ್ಗಿ ಒಳಗೆ ಹೋದಳು. ಬುಟ್ಟಿ ತೊಳೆದಳು, ಅನ್ನಕ್ಕಿಟ್ಟಳು. ಆಮೇಲೆ ಹೋಗಿ ಪೋಸ್ಟಮಾಸ್ತರಿಗೆ ಒಂದು ಚೊಂಬು ನೀರು ಹೊಯ್ದಳು. ಇಷ್ಟು ವರ್ಷ ಎಲ್ಲ ಗಿಡಕ್ಕೂ ಒಂದೊಂದು ಚೊಂಬು ಅವಳ ಲೆಕ್ಕ. ಬಿಸಿಲಲ್ಲಿ ತಿರುಗಿ ಬಂದವಳಿಗೆ ತನಗೆ ಬಾಯಾರಿದರೆ ಗಿಡಕ್ಕೂ ಬಾಯಾರಿರುತ್ತದೆ ಎಂದೇ ತೋರುತ್ತಿತ್ತು.

ಬಾಬುವಿಗೆ ಹೊತ್ತು ಬೇಕಾದಷ್ಟಿತ್ತು. ಅವನು ಒಂದೊಂದು ಗಿಡದ ಮುಂದೆಯೂ ಕೂತು ನೋಡಿದ. ಯಾವುದು ಬೆಳಿಗ್ಗೆಯ ಬಿಸಿಲಿಗೆ ಮುಖ ಎತ್ತುತ್ತದೆ, ಯಾವುದು ಮಧ್ಯಾಹ್ನಕ್ಕೆ ಸುರುಟಿಕೊಳ್ಳುತ್ತದೆ, ಯಾವುದು ಕತ್ತಲ ಮೂಲೆಯಲ್ಲೂ ಹಸಿರಾಗಿರುತ್ತದೆ ಎಂದು ಗಮನಿಸಿದ. ಬಕೆಟ್ಟುಗಳ ತಳದಲ್ಲಿ ನೀರು ನಿಂತು ನಾರುತ್ತಿರುವುದು ಕಂಡು ಮೊಳೆ ಕಾಯಿಸಿ ತೂತು ಹೊಡೆದ. ಜರಿಗಿಡವನ್ನು ನೀರಿನ ಹಂಡೆಯ ಬದಿಗೆ ಒಯ್ದ. ಬಣ್ಣ ಮಾಸಿದ ಕೆಸುವನ್ನು ಕಟಾಂಜನದ ಹತ್ತಿರ ತಂದ. ಪೋಸ್ಟಮಾಸ್ತರನ್ನು ಕಿತ್ತು ಕೊಳೆತ ಬೇರು ಕತ್ತರಿಸಿ ಮರಳು ಹೆಚ್ಚು ಹಾಕಿ ಮತ್ತೆ ನೆಟ್ಟ. ಮಳೆಗಾಲ ಮುಗಿಯುವ ಹೊತ್ತಿಗೆ ಜಗಲಿ ಗುರುತು ಸಿಗದ ಹಾಗಾಯಿತು. ಸೊರಗಿಕೊಂಡಿದ್ದ ಗಿಡಗಳೆಲ್ಲ ತುಂಬಿಕೊಂಡವು.

ಮನೆಯ ಮುಂದೆ ಹಾದುಹೋಗುವವರು ನಿಂತು ನೋಡತೊಡಗಿದರು. "ಬಾಬೂನ ಗಿಡ ಎಷ್ಟ್ ಚಂದ ಬಂದದೆ," ಎಂದಳು ಪಕ್ಕದ ಮನೆಯ ಬೀರಿ, ದುರ್ಗಿಯ ಎದುರಿಗೇ.

"ಗಿಡ ನಂದು," ಎಂದಳು ದುರ್ಗಿ. "ನಾ ತಂದದ್ದು."

"ಹೌದೇ, ನೀ ತಂದದ್ದೇ," ಎಂದು ಬೀರಿ ಒಪ್ಪಿದಳು. "ಆದ್ರೆ ನಿನ್ ಕೈಲಿದ್ದಾಗ ಹಿಂಗಿರ್ಲಿಲ್ಲ, ಅಲ್ದಾ?"

ಬೀರಿ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದು ದುರ್ಗಿಗೂ ಗೊತ್ತಿತ್ತು. ಅದಕ್ಕೇ ಹೆಚ್ಚು ಉರಿಯಿತು.

ಆಮೇಲೆ ಹೆಸರುಗಳೂ ಹೋದವು. ಬಾಬುವಿಗೆ ಬ್ಯಾಂಕಿನ ಬಾಯಿ ಯಾರೆಂದು ಗೊತ್ತಿಲ್ಲ, ಪೋಸ್ಟಮಾಸ್ತರರ ಮನೆ ಎಲ್ಲೆಂದೂ ಗೊತ್ತಿಲ್ಲ. ಅವನು ತನಗೆ ಗೊತ್ತಿದ್ದ ಮೀನಿನ ಹೆಸರಿಟ್ಟ. ಪಟ್ಟೆ ಎಲೆಯದು ಬಂಗಡೆ. ದುಂಡಗೆ ಬೆಳ್ಳಗೆ ಮಿಂಚುವ ಎಲೆಯದು ಪಾಪ್ಲೆಟ್. ಅಗಲ ಎಲೆಯ ಬಣ್ಣದ ಕೆಸು ತೊರಕೆ. ಕೇರಿಯ ಮಕ್ಕಳಿಗೆ ಇದು ಬಹಳ ಹಿಡಿಸಿತು. ಶಾಲೆಯಿಂದ ಬರುವಾಗ ಕಟಾಂಜನಕ್ಕೆ ಮೂಗು ತಾಗಿಸಿ ನಿಂತು, ತೊರಕೆ ಹೊಸ ಎಲೆ ಬಿಟ್ಟಿತೋ, ಬಂಗಡೆ ಮರಿ ಹಾಕಿತೋ ಎಂದು ಕೇಳುತ್ತಿದ್ದವು. ದುರ್ಗಿ ಒಮ್ಮೆ, "ಅದು ತೊರಕೆ ಅಲ್ಲಾ, ಹಿಲ್ಲೂರಮ್ಮ," ಎಂದದ್ದಕ್ಕೆ ಮಕ್ಕಳು ನಕ್ಕವು.

ಮಗಳೂ ಅಪ್ಪನ ಕಡೆಯೇ. ಪ್ರಗತಿ ಹಬ್ಬಕ್ಕೆಂದು ತೋಡೂರಿನಿಂದ ಬಂದವಳು ಜಗಲಿಯಲ್ಲೇ ನಿಂತುಬಿಟ್ಟಳು. "ಅಪ್ಪ, ನಂಗೂ ಒಂದೆರಡು ಮಾಡಿ ಕೊಡು. ನಮ್ಮನಿ ಹೊಸ ಶೋಕೇಸಿನ ಹತ್ರ ಇಡೂಕೆ," ಎಂದಳು. ಬಾಬು ಬಂಗಡೆಯ ಒಂದು ಮರಿಯನ್ನೂ ಬಳ್ಳಿಯ ಒಂದು ಗೆಲ್ಲನ್ನೂ ಡಬ್ಬಿಗೆ ಹಾಕಿ ಕೊಟ್ಟ. ನೆರಳಲ್ಲಿಡು, ವಾರಕ್ಕೊಮ್ಮೆ ನೀರು ಸಾಕು, ಎಲೆ ಹಳದಿಯಾದರೆ ನೀರು ಹೆಚ್ಚಾಯಿತು ಅಂತ ತಿಳಿ, ತುದಿ ಒಣಗಿದರೆ ಕಡಿಮೆಯಾಯಿತು ಅಂತ ತಿಳಿ ಎಂದು ಹೇಳಿಕೊಟ್ಟ. ಪ್ರಗತಿಯ ಮದುವೆಯ ವರ್ಷ ದುರ್ಗಿ ಇದೇ ಬಳ್ಳಿಯ ಗೆಲ್ಲು ಕೊಟ್ಟಿದ್ದಳು. ಒಯ್ಯಲು ಭಾರ ಎಂದು ಮಗಳು ಅದನ್ನು ಬಿಟ್ಟುಹೋಗಿದ್ದಳು.

ಇಷ್ಟನ್ನೆಲ್ಲ ದುರ್ಗಿ ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಒಂದು ದಿನ ಬಿಸಿಲು ಏರಿದ ಮೇಲೆ ಬಂದು, ಬುಟ್ಟಿ ಇಳಿಸಿ, ಬಾಗಿಲ ಬದಿಯಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಗ ಜಗಲಿಯೊಳಗಿಂದ ಬಾಬುವಿನ ದನಿ ಕೇಳಿತು. ಮೆತ್ತಗಿನ ದನಿ. ಅವಳು ಎಂದೂ ಕೇಳದ ದನಿ.

"ಎಂತಾಯ್ತೇ ನಿಂಗೆ? ಇವತ್ ಮುಖ ಯಾಕೆ ಬಾಡ್ಯದೆ? ಬಿಸ್ಲು ತಾಗಿತಾ?"

ಯಾರೋ ಬಂದಿದ್ದಾರೆಂದು ಇಣುಕಿ ನೋಡಿದಳು. ಯಾರೂ ಇಲ್ಲ. ಬಾಬು ಜರಿಗಿಡದ ಎಲೆಯ ಕೆಳಗೆ ಅಂಗೈ ಹಿಡಿದು ಕೂತಿದ್ದಾನೆ.

ದುರ್ಗಿ ಬಾಗಿಲ ಬದಿಯಲ್ಲೇ ನಿಂತಳು. ಅವಳ ಮುಖ ಬಿಸಿಲಿಗೆ ಸುಟ್ಟು ಬೆವರಿಗೆ ಉರಿಯುತ್ತಿತ್ತು. ಬುಟ್ಟಿಯ ಸಿಂಬೆ ಒತ್ತಿ ಒತ್ತಿ ನೆತ್ತಿಯ ಕೂದಲು ಸವೆದಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಈ ಗಂಡಸು ಅವಳ ಮುಖ ಬಾಡಿದ್ದನ್ನು ಒಂದು ದಿನವೂ ಕೇಳಿರಲಿಲ್ಲ. ಬಾಣಂತಿಯಾಗಿದ್ದಾಗ ಕೇಳಿರಲಿಲ್ಲ, ಅಪ್ಪ ಸತ್ತಾಗ ಕೇಳಿರಲಿಲ್ಲ. ಇವನಿಗೆ ಹೀಗೆ ಮಾತಾಡಲು ಬರುತ್ತದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಗಿಡಗಳಿಗಾಗಿ ಗಂಡನ ಮೇಲೆ ಹೊಟ್ಟೆಕಿಚ್ಚು ಪಟ್ಟವಳಿಗೆ ಈಗ ಗಿಡಗಳ ಮೇಲೂ ಹೊಟ್ಟೆ ಉರಿಯಿತು. ಯಾವುದಕ್ಕೆ ಯಾವುದು ಎಂದು ಬಿಡಿಸಿ ನೋಡಲು ಆಗಲಿಲ್ಲ. ಅಂದಿನಿಂದ ಮಧ್ಯಾಹ್ನದ ಅನ್ನ ಅವಳಿಗೆ ರುಚಿಸಲಿಲ್ಲ.

ಅವಳ ಗಿಡಗಳಲ್ಲೆಲ್ಲ ಅವಳಿಗೆ ಹೆಚ್ಚಿನದು ಜಾನಕಿ ಅಕ್ಕೋರು ಕೊಟ್ಟದ್ದು. ಅಕ್ಕೋರು ಅಂಕೋಲೆಯಲ್ಲಿ ಶಾಲೆ ಕಲಿಸುವವರು, ದುರ್ಗಿಯ ಹಳೇ ಗಿರಾಕಿ. ಅವರ ಮನೆಯ ಅಂಥೂರಿಯಂ ಒಂದನ್ನು ಮಾತ್ರ ದುರ್ಗಿ ಹೂವಿಗಾಗಿ ಬಯಸಿದ್ದಳು. ಅರಗಿನಲ್ಲಿ ಅದ್ದಿ ತೆಗೆದ ಹಾಗಿರುವ ಅದರ ಕೆಂಪು ಹೂವು ತಿಂಗಳುಗಟ್ಟಲೆ ಬಾಡುವುದಿಲ್ಲ. ಕೇಳಿ ಕೇಳಿ, ಅಕ್ಕೋರು ಕೊನೆಗೊಂದು ಮರಿ ಬಿಡಿಸಿ ಕೊಟ್ಟಿದ್ದರು. ದುರ್ಗಿ ಅದಕ್ಕೆ ಒಳ್ಳೇ ಮಣ್ಣು, ಸಗಣಿ ಗೊಬ್ಬರ, ದಿನಕ್ಕೆರಡು ಸಲ ನೀರು, ಎಲ್ಲ ಕೊಟ್ಟಳು. ಎರಡು ಮಳೆಗಾಲ ಕಳೆದರೂ ಅದು ಮೂರು ಎಲೆ ಇಟ್ಟುಕೊಂಡು ಹಾಗೇ ಮುನಿಸಿಕೊಂಡು ಕೂತಿತ್ತು. ಬಾಬು ಅದನ್ನು ಮಣ್ಣಿನಿಂದ ತೆಗೆದು ತೆಂಗಿನ ಸಿಪ್ಪೆ, ಇದ್ದಿಲು, ಹೆಂಚಿನ ಚೂರು ಹಾಕಿದ ಡಬ್ಬಿಯಲ್ಲಿ ಕೂರಿಸಿದ. ಬೇರಿಗೆ ಗಾಳಿ ಬೇಕು ಅಂತ ಕಾಣುತ್ತದೆ ಎಂದ. ಮಾಘದ ಹೊತ್ತಿಗೆ ಅದು ಹೂ ಬಿಟ್ಟಿತು, ಒಂದಲ್ಲ, ಎರಡು.

ಆ ಸುದ್ದಿಯನ್ನು ಅಕ್ಕೋರಿಗೆ ಹೇಳಿದವಳು ದುರ್ಗಿಯೇ. ಹೇಳದೆ ಇರಲು ಆಗಲಿಲ್ಲ. ನನ್ನ ಮನೆಯಲ್ಲೂ ಹೂ ಬಿಟ್ಟಿದೆ ಎಂದಳೇ ಹೊರತು ಯಾರ ಕೈಯಲ್ಲಿ ಎಂದು ಹೇಳಲಿಲ್ಲ. ಅಕ್ಕೋರು ರಜೆಯ ದಿನ ಬಸ್ಸು ಹಿಡಿದು ನೋಡಲು ಬಂದೇಬಿಟ್ಟರು. ದುರ್ಗಿ ಕಪ್ಪು ತೊಳೆದು ಚಹಾ ಮಾಡಲು ಒಳಗೆ ಹೋದಳು. ಚಹಾ ಸೋಸುವಾಗ ಜಗಲಿಯಲ್ಲಿ ನಗು ಕೇಳಿಸಿತು.

ಹೊರಗೆ ಬಂದಾಗ ಅಕ್ಕೋರು ಬಾಬುವಿನ ಎದುರು ಮೊಣಕಾಲೂರಿ ಕೂತು ಇದ್ದಿಲು ಎಷ್ಟು ಹಾಕಬೇಕೆಂದು ಕೇಳುತ್ತಿದ್ದರು.

"ಬಾಬು, ಇದು ನಿಮ್ಮ ಕೈಗುಣ," ಎಂದರು ಎದ್ದು ನಿಂತು. "ದುರ್ಗಿ, ನಿನ್ನ ಗಂಡನ ಕೈಯಲ್ಲಿ ಲಕ್ಷ್ಮಿ ಇದ್ದಾಳೆ ನೋಡು. ನೀನು ಒಂದು ದಿನವೂ ಹೇಳಲಿಲ್ಲವಲ್ಲ."

ಬಾಬು ನಾಚಿಕೊಂಡು ನೆಲ ನೋಡಿದ. ದುರ್ಗಿ ಅಕ್ಕೋರ ಕೈಗೆ ಕಪ್ಪು ಕೊಟ್ಟಳು. ಹೋಗುವಾಗ ಬಾಬು ಒಂದು ಹೂವನ್ನು ದಂಟು ಸಮೇತ ಕತ್ತರಿಸಿ ಅಕ್ಕೋರಿಗೆ ಕೊಟ್ಟ. ದುರ್ಗಿ ಆ ಹೂವನ್ನು ಮುಟ್ಟಿ ಕೂಡ ನೋಡಿರಲಿಲ್ಲ.

ಅದು ಮೀನು ಉಪ್ಪು ಹಾಕಿ ಒಣಗಿಸುವ ಕಾಲ. ಹಿತ್ತಿಲಲ್ಲಿ ಟಬ್ಬಿನ ತುಂಬ ಉಪ್ಪು ಹಾಕಿದ ಮೀನಿತ್ತು. ಮರುದಿನ ಮಧ್ಯಾಹ್ನ ಬಾಬು ಊಟ ಮಾಡಿ ಮಲಗಿದ್ದ. ದುರ್ಗಿ ಮೀನು ತೆಗೆದು ಚಾಪೆಯ ಮೇಲೆ ಹರವಿ, ಟಬ್ಬಿನ ತಳದ ಉಪ್ಪುನೀರನ್ನು ಚೆಲ್ಲಲು ಎತ್ತಿಕೊಂಡಳು. ದಿನವೂ ಹಿಂದೆ ತೆಂಗಿನ ಆಚೆ ಚೆಲ್ಲುವವಳು ಅಂದು ಏಕೋ ಮುಂದೆ ಜಗಲಿಗೆ ಬಂದಳು. ಅಂಥೂರಿಯಂನ ಎದುರು ಸ್ವಲ್ಪ ಹೊತ್ತು ನಿಂತಳು. ಉಳಿದಿದ್ದ ಒಂದೇ ಹೂವು ಅವಳ ಕಡೆ ಮುಖ ಮಾಡಿಕೊಂಡಿತ್ತು. ಅವಳು ಟಬ್ಬು ವಾಲಿಸಿದಳು. ಡಬ್ಬಿಯ ತೂತಿನಿಂದ ನೀರು ಇಳಿದು ನೆಲದ ಮೇಲೆ ಹರಿದದ್ದನ್ನು ಸೀರೆಯ ಹಳೇ ತುಂಡಿನಿಂದ ಒರೆಸಿದಳು. ಮೀನಿನ ವಾಸನೆ ಆ ಮನೆಯಲ್ಲಿ ಹೊಸದೇನಲ್ಲ.

ವಾರದೊಳಗೆ ಎಲೆಯ ಅಂಚು ಕಂದಾಯಿತು. ಬಾಬು ಗಾಳಿ ತಾಗಿತೆಂದು ಗೋಣಿಯ ತೆರೆ ಕಟ್ಟಿದ. ಬಿಸಿಲೆಂದು ಒಳಗೆ ಒಯ್ದ, ನೆರಳು ಹೆಚ್ಚೆಂದು ಹೊರಗೆ ತಂದ. ಎಲೆಗಳು ಒಂದೊಂದಾಗಿ ಸುಟ್ಟುಕೊಳ್ಳುತ್ತ ಬಂದವು. ದುರ್ಗಿ ನೋಡುತ್ತಿದ್ದಳು. ಮೊದಲ ಎರಡು ದಿನ ಅವಳಿಗೆ ಹಗುರವೆನಿಸಿತು ಎಂಬುದು ಸುಳ್ಳಲ್ಲ. ಮೂರನೆಯ ದಿನದಿಂದ ಅವನು ಕೋಲೂರಿಕೊಂಡು ಡಬ್ಬಿ ಹೊತ್ತು ಒಳಗೂ ಹೊರಗೂ ನಡೆಯುವ ಸದ್ದು ಅವಳಿಗೆ ತಡೆಯಲಾಗಲಿಲ್ಲ.

ಒಂದು ಸಂಜೆ ಅವಳು ಅಕ್ಕಿ ಆರಿಸುತ್ತಿದ್ದಾಗ ಬಾಬು ಡಬ್ಬಿಯಿಂದ ಒಂದು ಸಿಪ್ಪೆಯ ಚೂರು ತೆಗೆದು ಮೂಸಿ ನೋಡಿದ. ಆಮೇಲೆ ನಾಲಿಗೆಯ ತುದಿಗೆ ತಾಗಿಸಿದ.

"ಉಪ್ಪದೆ," ಎಂದ.

"ಕಡಲ ಗಾಳಿ," ಎಂದಳು ದುರ್ಗಿ, ಮೊರದಿಂದ ತಲೆ ಎತ್ತದೆ.

"ಗಾಳಿದು ಎಲೆ ಮೇಲೆ ಕೂರ್ತದೆ. ಇದು ಬೇರಲ್ಲಿ ಅದೆ."

ಮತ್ತೇನನ್ನೂ ಅವನು ಕೇಳಲಿಲ್ಲ. ಬಾವಿಕಟ್ಟೆಗೆ ಹೋಗಿ ಗಿಡವನ್ನು ಸಿಹಿನೀರಿನಲ್ಲಿ ತೊಳೆದು ಹೊಸ ಸಿಪ್ಪೆಯಲ್ಲಿ ಕೂರಿಸಿದ. ಅದು ಉಳಿಯಲಿಲ್ಲ. ಬುಡ ಕರಗಿ ಕುಸಿಯಿತು. ಡಬ್ಬಿಯನ್ನು ತೊಳೆದು ಬೋರಲು ಹಾಕಿದ. ಅಂದಿನಿಂದ ಅವನು ಉಳಿದ ಗಿಡಗಳನ್ನೂ ಮುಟ್ಟಲಿಲ್ಲ.

ಬೆಳಿಗ್ಗೆ ಎದ್ದು ಚಹಾ ಕುಡಿದು, ಕೋಲು ಹಿಡಿದು ಬಂದರಿನ ಕಡೆ ಹೋಗುವನು. ಬೋಟಿನವರು ಬಲೆ ಹೆಣೆಯುವ ಚಪ್ಪರದಲ್ಲಿ ಕೂತು ಹರಿದ ಬಲೆಗೆ ಸೂಜಿ ಹಾಕುವನು. ಊಟಕ್ಕೆ ಬಂದರೆ ಊಟ, ಮತ್ತೆ ಹೊರಗೆ. ದುರ್ಗಿಗೆ ಗಿಡಗಳು ವಾಪಸು ಸಿಕ್ಕಿದವು. ಎಲ್ಲವೂ ಅವಳವೇ, ಕೇಳುವವರಿಲ್ಲ. ಅವಳು ಒಂದೊಂದು ಚೊಂಬು ನೀರು ಹೊಯ್ಯುವಳು, ಹೊಯ್ಯುತ್ತಿದ್ದ ಹಾಗೆ ಇದಕ್ಕೆ ಬೇಕೋ ಬೇಡವೋ ಎಂದು ಕೈ ನಿಲ್ಲುವುದು. ಎಲೆಗಳ ಮೇಲೆ ಕೆಂಪು ಧೂಳು ಕೂತಿತು. ಒರೆಸಲು ಅವಳಿಗೆ ಪುರಸೊತ್ತಿಲ್ಲ. ಮಕ್ಕಳು ಬಂದು ಕಟಾಂಜನದಿಂದ ಇಣುಕಿ, "ಬಾಬಜ್ಜ ಇಲ್ವ?" ಎಂದು ಕೇಳಿ ಹೋದವು. ಜಗಲಿ ಬಾಯಿ ಕಟ್ಟಿದ ಹಾಗಾಯಿತು.

ಅವನು ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು. ಹೊಡೆಯುವ ಗಂಡಸಲ್ಲ, ಹೊಡೆದಿದ್ದರೂ ಬೀರಿಯ ಮುಂದೆ ಅತ್ತು ಮುಗಿಸುತ್ತಿದ್ದಳು. ಈ ಸುಮ್ಮನಿರುವಿಕೆಗೆ ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ. ಕೊನೆಗೆ ಒಂದು ದಿನ ಊಟಕ್ಕೆ ಬಡಿಸುವಾಗ, ಸಾರಿನ ಸೌಟು ಕೈಯಲ್ಲಿದ್ದ ಹಾಗೇ, ಅವಳ ಬಾಯಿ ತೆರೆಯಿತು.

"ನಾನೇ ಹೊಯ್ದದ್ದು. ಗೊತ್ತದೆ ನಿಮಗೆ. ಗೊತ್ತಿದ್ರೂ ಕೇಳೂದಿಲ್ಲ."

ಬಾಬು ತುತ್ತು ಕಲಸುವುದನ್ನು ನಿಲ್ಲಿಸಿದ. "ಕೇಳಿ ಎಂತ ಮಾಡೂದು? ನಿನ್ ಗಿಡ. ನೀ ಸಾಯಿಸ್ದೆ."

"ನನ್ ಗಿಡ ಅಂತ ಈಗ ಗೊತ್ತಾಯ್ತಾ? ಊರೆಲ್ಲ ಬಾಬೂನ ಗಿಡ ಬಾಬೂನ ಗಿಡ ಅನ್ನುವಾಗ ಬಾಯಿ ಇರ್ಲಿಲ್ವಾ? ಮನಿಮನಿ ಮೆಟ್ಲಲ್ಲಿ ಕುಂತ್ಕಂಡು, ಬಾಯಿಬಿಟ್ಟು ಕೇಳಿ ತಂದವ್ಳು ನಾನು. ಆ ಹೆಸ್ರನ್ನೂ ಉಳಿಸ್ಲಿಲ್ಲ ನೀವು."

"ಹೆಸ್ರು ನಂಗೆ ಗೊತ್ತಿರ್ಲಿಲ್ಲ ಮಾರಾಯ್ತಿ."

"ಕೇಳ್ಬೇಕಿತ್ತು. ಗಿಡದ ಹತ್ರ ಕೇಳೂಕೆ ಬರ್ತದೆ ನಿಮಗೆ. ಮುಖ ಯಾಕೆ ಬಾಡ್ಯದೆ, ಬಿಸ್ಲು ತಾಗಿತಾ ಅಂದ್ರಿ. ನಾ ದಿನಾ ಬಿಸ್ಲಲ್ಲೇ ಬರ್ತೆ. ನನ್ ಮುಖ ಬಾಡಿದ್ದು ಕಾಣ್ಲಿಲ್ಲ ನಿಮಗೆ."

ಬಾಬು ಅವಳ ಮುಖ ನೋಡಿದ. ಅವಳು ಕೇಳಿಸಿಕೊಂಡಿದ್ದಳು ಎಂಬುದೇ ಅವನಿಗೆ ಈಗ ತಿಳಿದದ್ದು. ಬಟ್ಟಲಿನ ಅಂಚಿಗೆ ಕೈ ಒರೆಸಿಕೊಂಡ.

"ಗಿಡ ತಿರುಗಿ ಎಂತದೂ ಹೇಳೂದಿಲ್ಲ. ಅದ್ಕೆ ಕೇಳ್ತೆ," ಎಂದ. "ನಿನ್ ಹತ್ರ ಯಾವ ಮುಖ ಇಟ್ಕಂಡು ಕೇಳ್ಲಿ? ನೀ ದುಡಿದು ತರೂದು, ನಾ ಕುಂತು ತಿನ್ನೂದು. ಬೆಳಿಗ್ಗೆ ನೀ ಬುಟ್ಟಿ ಹೊತ್ಕಂಡು ಬಸ್ಸಿಗೆ ಹೋಗೂದ ನೋಡಿ ನಂಗೆ ಹೊಟ್ಟೆ ಉರೀತಿತ್ತು. ಅಂಕೋಲೆಲಿ ನಿಂಗೆ ಗೊತ್ತಿಲ್ದವರಿಲ್ಲ. ಬಂದ್ಕೂಡ್ಲೆ ಅವ್ರು ಹಿಂಗಂದ್ರು, ಇವ್ರು ಹಂಗಂದ್ರು ಅಂತೀ. ನಂಗೆ ಯಾರವ್ರೆ? ನಿನ್ ಗಿಡಕ್ಕಾರೂ ನಾ ಬೇಕು ಅಂತ ಕಂಡಿತ್ತು."

ದುರ್ಗಿ ಸೌಟನ್ನು ಪಾತ್ರೆಯಲ್ಲಿ ಇಟ್ಟಳು. ಕಾಲು ಮುರಿದ ಗಂಡನಿಗೆ ತನ್ನ ಮೇಲೆ ಹೊಟ್ಟೆಕಿಚ್ಚಿರಬಹುದು ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಬಿಸಿಲು, ಬಸ್ಸಿನ ನೂಕು, ಗಿರಾಕಿಗಳ ಚೌಕಾಸಿ, ಇದರಲ್ಲಿ ಆಸೆಪಡುವಂಥದ್ದು ಏನಿದೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಆದರೆ ಬಹಳ ದಿನಗಳ ಮೇಲೆ ಮೊದಲ ಸಲ ಹೊಟ್ಟೆಯೊಳಗಿನ ಉರಿ ಸ್ವಲ್ಪ ತಣ್ಣಗಾಯಿತು. ತನ್ನ ಮೇಲೆ ಕೂಡ ಒಬ್ಬರಿಗೆ ಹೊಟ್ಟೆಕಿಚ್ಚಿದೆ ಎಂಬುದು ಅವಳಿಗೆ ಒಂದು ಬಗೆಯ ಮರ್ಯಾದೆಯಂತೆ ಕಂಡಿತು.

"ಅನ್ನ ತಣಿತದೆ," ಎಂದಳು. "ಉಣ್ಣಿ."

ಮಳೆ ಹಿಡಿಯುವ ಮೊದಲು, ಬುಟ್ಟಿ ಹಗುರವಾಗಿದ್ದ ಒಂದು ದಿನ, ಅವಳು ಅವನನ್ನು ಹಿಲ್ಲೂರಿಗೆ ಕರೆದುಕೊಂಡು ಹೋದಳು. ಕರೆದದ್ದೂ ನೇರವಾಗಿ ಅಲ್ಲ. "ಅಕ್ಕೋರ ಗಿಡ ಇದ್ದ ಜಾಗ ಖಾಲಿ ಅದೆ. ಅಲ್ಲಿ ಎಂತ ಇಡೂದು ಅಂತ ನಂಗೆ ತಿಳಿಯೂದಿಲ್ಲ. ಬರೂದಾದ್ರೆ ಬನ್ನಿ," ಎಂದಳು. ಬಸ್ಸಿನಲ್ಲಿ ಅವನು ಕಿಟಕಿಯ ಬದಿಗೆ ಕೂತ. ದಾರಿಯುದ್ದಕ್ಕೂ ಅವಳು ಯಾವ ಮನೆಯಿಂದ ಯಾವ ಗಿಡ ಬಂತೆಂದು ಹೇಳುತ್ತ ಹೋದಳು. ಅವನು ಪ್ರತಿಯೊಂದಕ್ಕೂ, ಅದು ನಮ್ಮ ಪಾಪ್ಲೆಟ್ಟೋ, ಇದು ಬಂಗಡೆಯೋ ಎಂದು ಕೇಳಿ ಗುರುತು ಹಚ್ಚಿಕೊಂಡ.

ಹಿಲ್ಲೂರಮ್ಮನೆಂದು ದುರ್ಗಿ ಕರೆಯುತ್ತಿದ್ದವರು ಕಾಮಿ ಎಂಬ ಹಿರಿಯ ಹೆಂಗಸು. ಅವರ ಮನೆಯ ಒಳಜಗಲಿಯಲ್ಲಿ ಒಂದು ಬಿಗೋನಿಯಾ ಇತ್ತು. ಎಲೆಯ ಮೇಲ್ಭಾಗ ಬೆಳ್ಳಿ ಬಳಿದಂತೆ, ಕೆಳಭಾಗ ಹಸಿ ರಕ್ತದ ಕೆಂಪು. ದುರ್ಗಿ ಎಷ್ಟೋ ಸಲ ಕೇಳಿದ್ದಳು. ಅದು ನಿಮ್ಮ ಕಡಲ ಕಡೆ ಬರುವುದಿಲ್ಲ ಎಂದು ಕಾಮಮ್ಮ ಅಷ್ಟೇ ಸಲ ಜಾರಿಸಿದ್ದರು. ಈಗ ಬಾಬು ಆ ಗಿಡದ ಮುಂದೆ ಕಾಲು ನೀಡಿ ಕೂತು, ಬೆಳಕು ಎಲ್ಲಿಂದ ಬರುತ್ತದೆ, ನೀರು ಎಲೆಗೆ ತಾಗಿದರೆ ಕೊಳೆಯುತ್ತದೋ ಎಂದೆಲ್ಲ ವಿಚಾರಿಸಿದ. ಎಲೆಯನ್ನು ಮುಟ್ಟಲಿಲ್ಲ, ಬಗ್ಗಿ ನೋಡಿದ ಅಷ್ಟೆ. ಕಾಮಮ್ಮ ಒಳಗೆ ಹೋಗಿ ಚೂರಿ ತಂದು ಒಂದು ದಂಟನ್ನು ಕತ್ತರಿಸಿ, ಬಾಳೆಪಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟರು.

"ಇವ್ರ ಕೈಲಿ ಬದುಕ್ತದೆ ಕಾಣ್ತು," ಎಂದರು.

ಬಸ್ಸು ಕಾಡಿನ ತಿರುವುಗಳಲ್ಲಿ ಇಳಿಯುವಾಗ ದುರ್ಗಿ ಮಾತಾಡಲಿಲ್ಲ. ಬಾಬು ಎರಡು ಸಲ ಅವಳ ಕಡೆ ನೋಡಿದ. ಮೂರನೆಯ ಸಲ ನೋಡಿದವನು, ಬಹಳ ಕಷ್ಟದ ಕೆಲಸ ಮಾಡುವವನ ಹಾಗೆ, ಕೇಳಿದ.

"ಮುಖ ಯಾಕೆ ಹಂಗಾಗ್ಯದೆ?"

"ಹೊಟ್ಟೆಕಿಚ್ಚು," ಎಂದಳು ದುರ್ಗಿ. "ಎಷ್ಟ್ ವರ್ಷದಿಂದ ಕೇಳ್ತಿದ್ದೆ ನಾನು. ನಿಮಗೆ ಒಂದೇ ಸಲಕ್ಕೆ ಕೊಟ್ರು."

ಮುಂದಿನ ಸೀಟಿನವರು ತಿರುಗಿ ನೋಡಿದರು. ಬಾಬುವಿಗೆ ನಗು ಬಂತು. ಬಾಳೆಪಟ್ಟೆಯ ಕಟ್ಟನ್ನು ಎತ್ತಿ ಅವಳ ಮಡಿಲಲ್ಲಿಟ್ಟ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಉರಿ ಹೋಯಿತೆಂದಲ್ಲ. ಊರಿನ ಹತ್ತಿರದ ಹಟ್ಟಿಕೇರಿ ದಾಟಿದರೂ ಸಣ್ಣಗೆ ಉರಿಯುತ್ತಲೇ ಇತ್ತು.

ಮನೆಯಲ್ಲಿ ಆ ದಂಟು ಬೇರು ಬಿಟ್ಟಿತು. ದುರ್ಗಿ ಅದನ್ನು ದೇವರ ಗೂಡಿನ ಪಕ್ಕ ಇಟ್ಟಳು. ಅವಳು ಮೀನಿಗೆ ಹೋದ ಮೇಲೆ ಬಾಬು ಬೆಳಕು ಸಾಲದೆಂದು ಅದನ್ನು ಕಿಟಕಿಯ ಕಡೆಗೆ ಗೇಣು ಸರಿಸಿದ. ಮಧ್ಯಾಹ್ನ ಬಂದವಳು ಅದನ್ನು ಮತ್ತೆ ಗೂಡಿನ ಪಕ್ಕಕ್ಕೆ ತಂದಳು. ಮರುದಿನವೂ ಹಾಗೇ. ಇಬ್ಬರೂ ಈ ವಿಷಯ ಬಾಯಿಬಿಟ್ಟು ಆಡಲಿಲ್ಲ. ಬೀರಿ ಒಂದು ದಿನ ಬಂದು, ಇದು ಯಾರ ಗಿಡ ಎಂದು ಕೇಳಿದಾಗ ಇಬ್ಬರೂ ಒಟ್ಟಿಗೆ "ನಂದು" ಎಂದರು. ಬೆಳಿಗ್ಗೆ ಬೆಳಕಿಗೂ ಮಧ್ಯಾಹ್ನ ನೆರಳಿಗೂ ಹೀಗೆ ದಿನವೂ ಓಡಾಡಿಕೊಂಡು ಆ ಬಿಗೋನಿಯಾ ಕಡಲ ಬದಿಯ ಆ ಮನೆಯಲ್ಲಿ ಒಂದರ ಮೇಲೊಂದು ಎಲೆ ಬಿಡುತ್ತ ಹೋಯಿತು.